ಹಳೇ ಐ10 ಎಂಓಟಿ ಪಾಸಾಗುತ್ತಾ? ಗ್ಯಾರೇಜಿನವರನ್ನು ಕೇಳಿ

ಪ್ರಶ್ನೆ, ಲೆಸ್ಟರ್‌ನಿಂದ:
ನಮಸ್ಕಾರ. ನಾವು ಇಂಗ್ಲೆಂಡಿಗೆ ಬಂದು ಎಂಟು ತಿಂಗಳಾಯ್ತು. ನನಗೆ ಆಸ್ಪತ್ರೆಯಲ್ಲಿ ನೈಟ್ ಶಿಫ್ಟ್, ಬೆಳಗಿನ ಜಾವ ಬಸ್ಸಿಲ್ಲ, ಕಾರು ಬೇಕೇ ಬೇಕು. 2011ರ ಹ್ಯುಂಡೈ ಐ10, 1.2 ಪೆಟ್ರೋಲ್ ನೋಡಿಟ್ಟಿದ್ದೇವೆ. 1,900 ಪೌಂಡ್ ಹೇಳ್ತಿದ್ದಾರೆ, ಮೀಟರ್ 52 ಸಾವಿರ ಮೈಲಿ. "ಒಬ್ಬರೇ ಅಜ್ಜಿ ಓಡಿಸಿದ ಗಾಡಿ, ಈ ಮಾಡೆಲ್ ಎಂಓಟಿ ಫೇಲ್ ಆಗೋದೇ ಇಲ್ಲ" ಅಂತ ಮಾರುವವರ ಮಾತು. ಎಂಓಟಿ ಅಂದರೆ ಗಾಡಿ ರಸ್ತೆಗೆ ಯೋಗ್ಯವಾ ಅಂತ ಇಲ್ಲಿ ವರ್ಷಕ್ಕೊಮ್ಮೆ ಮಾಡಿಸೋ ಕಡ್ಡಾಯ ಟೆಸ್ಟ್. ಈಗಿರೋ ಎಂಓಟಿ ಡಿಸೆಂಬರ್‌ವರೆಗೆ, ಅಂದರೆ ಇನ್ನೆರಡು ತಿಂಗಳು. ನೆಟ್ಟಲ್ಲಿ ಯಾವ ಮಾಡೆಲ್ ಎಷ್ಟು ಪರ್ಸೆಂಟ್ ಪಾಸ್ ಅಂತ ಪಟ್ಟಿಗಳಿವೆ, ಅದರಲ್ಲೂ ಐ10 ಪರವಾಗಿಲ್ಲ ಅನ್ನೋ ಹಾಗಿದೆ. ತಗೋಬಹುದಾ? ಊರಲ್ಲಿ ಮಾವನ ಮನೇಲಿ ಇದೇ ಗಾಡಿ ಇತ್ತು, ಅದಕ್ಕೇ ಸ್ವಲ್ಪ ಮೋಹ.

ಉತ್ತರ:
ಮೋಹಕ್ಕೆ ಇನ್ನೊಂದು ಕಾರಣ ಕೊಡ್ತೀನಿ. ನೀವು ನೋಡಿರೋ ಗಾಡಿ ಹುಟ್ಟಿದ್ದು ಚೆನ್ನೈ ಹತ್ತಿರದ ಶ್ರೀಪೆರಂಬದೂರಿನಲ್ಲಿ. 2008ರಿಂದ 2013ರವರೆಗೆ ಬ್ರಿಟನ್ನಿನಲ್ಲಿ ಮಾರಿದ ಮೊದಲ ತಲೆಮಾರಿನ ಐ10ಗಳೆಲ್ಲ ಅಲ್ಲಿಂದ ಹಡಗು ಹತ್ತಿ ಬಂದವು. ಚಾಸಿಸ್ ನಂಬರ್ ನೋಡಿ, ಮೊದಲ ಮೂರಕ್ಷರ ಎಂ, ಎ, ಎಲ್ ಇರುತ್ತೆ. ಆಮೇಲಿನ ತಲೆಮಾರು ಟರ್ಕಿಯ ಇಜ್ಮಿತ್‌ನದು. ನಮ್ಮ ಗ್ಯಾರೇಜಿಗೆ ಎಂಎಎಲ್ ಗಾಡಿ ಬಂದರೆ ಹುಡುಗರು "ನಿನ್ನ ನೆಂಟರು ಬಂದರು" ಅಂತಾರೆ. ನಾನು ಅರಸೀಕೆರೆಯವನು, ಚೆನ್ನೈಗೂ ನನಗೂ ಏನು ನೆಂಟಸ್ತನ ಅಂತ ಇವರಿಗೆ ಹೇಳಿ ಪ್ರಯೋಜನವಿಲ್ಲ.

ಈಗ ಪಟ್ಟಿ ವಿಷಯ. ಎಂಓಟಿ ನಡೆಸುವ ಸರ್ಕಾರಿ ಏಜೆನ್ಸಿ ಡಿವಿಎಸ್‌ಎ ಪ್ರತಿಯೊಂದು ಟೆಸ್ಟಿನ ಫಲಿತಾಂಶವನ್ನೂ ನಂಬರ್ ಪ್ಲೇಟ್ ತೆಗೆದು ಬಹಿರಂಗ ಮಾಡುತ್ತೆ. ಪತ್ರಿಕೆಯವರು, ಕಾರು ಮಾರುವ ವೆಬ್‌ಸೈಟಿನವರು ಅದನ್ನು ಮಾಡೆಲ್‌ವಾರು ಸೋಸಿ ಪಟ್ಟಿ ಮಾಡ್ತಾರೆ. ಅಂಕಿ ಸುಳ್ಳಲ್ಲ, ಆದರೆ ಅದು ನಿಮ್ಮ ಪ್ರಶ್ನೆಗೆ ಉತ್ತರವೂ ಅಲ್ಲ. ವಯಸ್ಸು ಬೇರೆ ಮಾಡದೆ ಸೋಸಿದರೆ ಐ10 ಅನ್ನೋ ಒಂದೇ ಹೆಸರಿನಡಿ 2009ರ ಚೆನ್ನೈ ಗಾಡಿ, 2015ರ ಟರ್ಕಿ ಗಾಡಿ, 2021ರ ಹೊಸಾ ಗಾಡಿ ಎಲ್ಲಾ ಒಂದೇ ಗೋಣಿಚೀಲದಲ್ಲಿ. ನಾಲ್ಕು ವರ್ಷದ ಕಾರು ಪಾಸಾಗೋದರಲ್ಲಿ ಏನು ದೊಡ್ಡಸ್ತಿಕೆ? ದೇಶದ ಎಲ್ಲಾ ಕಾರುಗಳನ್ನು ಸೇರಿಸಿದರೆ ಮೊದಲ ಸಲಕ್ಕೆ ಸುಮಾರು ಹತ್ತರಲ್ಲಿ ಮೂರು ಫೇಲಾಗ್ತವೆ. ಅದರಲ್ಲಿ ಬಹುಪಾಲು ಬಲ್ಬು, ಟೈರು, ಬ್ರೇಕು, ಸಸ್ಪೆನ್ಷನ್. ಮಾಡೆಲ್ಲಿಗಿಂತ ಹೆಚ್ಚಾಗಿ ಅದು ಮಾಲೀಕನ ಗುಣ.

ಐ10ಗೆ ಆ ಮಾಲೀಕರು ಯಾರು ಅನ್ನೋದು ನೋಡಿ. 2009ರಲ್ಲಿ ಇಲ್ಲಿ ಸ್ಕ್ರ್ಯಾಪೇಜ್ ಯೋಜನೆ ಬಂತು. ಹತ್ತು ವರ್ಷ ಮೀರಿದ ಗಾಡಿ ಗುಜರಿಗೆ ಕೊಟ್ಟರೆ ಹೊಸದರ ಮೇಲೆ 2,000 ಪೌಂಡ್ ಕಡಿತ, ಅರ್ಧ ಸರ್ಕಾರದ್ದು, ಅರ್ಧ ಕಂಪನಿಯದ್ದು. ಆಗ ಬಿಸಿ ಬಿಸಿ ದೋಸೆ ಥರ ಖರ್ಚಾದ ಕಾರುಗಳಲ್ಲಿ ಐ10 ಒಂದು, ಮೇಲೆ ಐದು ವರ್ಷದ ವಾರಂಟಿ ಬೇರೆ. ಕೊಂಡವರಲ್ಲಿ ನಿವೃತ್ತರು ಬಹಳ. ವಾರಕ್ಕೊಮ್ಮೆ ಅಂಗಡಿ, ಭಾನುವಾರ ಚರ್ಚು, ವರ್ಷಕ್ಕೊಮ್ಮೆ ತಪ್ಪದೆ ಸರ್ವಿಸು. ಇಂಥ ಗಾಡಿ ಪಟ್ಟಿಯಲ್ಲಿ ಚೆನ್ನಾಗಿ ಕಾಣದೆ ಇನ್ನೇನು? ಅದೇ ಗಾಡಿ ಮೂರನೇ ಕೈಗೆ, ಪಿಜ್ಜಾ ಡೆಲಿವರಿಗೆ ಹೋದ ಮೇಲೆ ಕಥೆ ಬೇರೆ.

ಹಾಗಂತ ಮಾಡೆಲ್ಲಿನದು ಅಂತ ಏನೂ ಇಲ್ಲ ಅನ್ನಲ್ಲ. ಈ ತಲೆಮಾರಿನ ಐ10 ಲಿಫ್ಟ್ ಮೇಲೆ ಏರಿದಾಗ ನನ್ನ ಕಣ್ಣು ಮೊದಲು ಹೋಗೋದು ಮುಂದಿನ ಕಾಯಿಲ್ ಸ್ಪ್ರಿಂಗ್‌ನ ಕೆಳಗಿನ ಸುತ್ತಿಗೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ತಾರೆ, ಚೆಷೈರ್‌ನ ವಿನ್ಸ್‌ಫರ್ಡ್ ಗಣಿಯಿಂದ ಅಗೆದ ಕಲ್ಲುಪ್ಪು. ಅದು ನೀರಿನ ಜೊತೆ ಸ್ಪ್ರಿಂಗ್ ಕೂರುವ ತಟ್ಟೆಯಲ್ಲಿ ನಿಂತು ಬಣ್ಣ ಎಬ್ಬಿಸಿ ಕಬ್ಬಿಣ ತಿನ್ನುತ್ತೆ. ಒಂದು ದಿನ ಗುಂಡಿಗೆ ಬಿದ್ದಾಗ 'ಠಣ್' ಅಂತ ತುದಿ ಮುರಿಯುತ್ತೆ. ಎಷ್ಟೋ ಜನಕ್ಕೆ ಅದು ಗೊತ್ತೇ ಆಗಲ್ಲ, ಟೆಸ್ಟಿಗೆ ಬಂದಾಗ ನಾವೇ ಹೇಳಬೇಕು. ಬರೀ ತುಕ್ಕಾದರೆ ಅಡ್ವೈಸರಿ, ಅಂದರೆ ಪಾಸ್, ಆದರೆ ಇದರ ಮೇಲೆ ಕಣ್ಣಿಡಿ ಅನ್ನೋ ಸೂಚನೆ; ಮುರಿದಿದ್ದರೆ ಮೇಜರ್, ಅಂದರೆ ಫೇಲ್. ಆಮೇಲೆ ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಆಂಟಿ ರೋಲ್ ಬಾರ್‌ನ ಲಿಂಕು, ಚಕ್ರ ಹಿಡಿದಿರೋ ಕೆಳಗಿನ ತೋಳಿನ (ಆರ್ಮ್) ರಬ್ಬರ್ ಬುಷ್ಷು. ಹಿಂದೆ ಬ್ರೇಕು. ಊರಿನ ಐ10ಗೆ ಹಿಂದೆ ಡ್ರಮ್ಮು, ಇಲ್ಲಿ ಬಂದ ಹಲವಕ್ಕೆ ಹಿಂದೆಯೂ ಡಿಸ್ಕು. ಕಡಿಮೆ ಓಡುವ ಗಾಡಿಯಲ್ಲಿ ಆ ಡಿಸ್ಕು ತುಕ್ಕು ಹಿಡಿದು, ಅದನ್ನು ಒತ್ತಿ ಹಿಡಿಯೋ ಕ್ಯಾಲಿಪರ್ ಬಿಗಿಯುತ್ತೆ, ಹ್ಯಾಂಡ್ ಬ್ರೇಕ್ ಕೆಲಸ ಕೊಡಲ್ಲ. "ಅಜ್ಜಿ ಕಾರು" ಅಂದ ತಕ್ಷಣ ಖುಷಿಪಡೋ ಬದಲು ಹಿಂದಿನ ಚಕ್ರದೊಳಗೆ ಟಾರ್ಚ್ ಹಾಕಿ ನೋಡಿ.

ಇವೆಲ್ಲ ದೊಡ್ಡ ಖರ್ಚಲ್ಲ. ಮಾಡೆಲ್ ಬಗ್ಗೆ ನನ್ನ ತಕರಾರಿಲ್ಲ. ನೀವು ಮಾಡೆಲ್ ಕೊಳ್ತಾ ಇಲ್ಲ, ಒಂದು ನಿರ್ದಿಷ್ಟ ನಂಬರ್ ಪ್ಲೇಟ್ ಕೊಳ್ತಾ ಇದ್ದೀರಿ. ಸರ್ಕಾರದ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿದರೆ ಎಂಓಟಿ ಚರಿತ್ರೆ ಪೂರ್ತಿ ಬರುತ್ತೆ, ಪುಕ್ಕಟೆ. ಅದನ್ನು ಇಲ್ಲಿ ಹಾಕಿ, ನಂಬರ್ ಬೇಡ.

ಲೆಸ್ಟರ್‌ನವರು ಮತ್ತೆ:
ನೋಡಿದೆ ಸರ್, ಇದು ಇಷ್ಟು ಸುಲಭ ಅಂತ ಗೊತ್ತಿರಲಿಲ್ಲ. ಸಾರಾಂಶ ಹಾಕ್ತೀನಿ. ಗಾಡಿ ರಿಜಿಸ್ಟರ್ ಆಗಿದ್ದು 2011ರ ಜೂನ್.
2014ರಿಂದ 2019: ಪ್ರತಿ ಜೂನ್‌ನಲ್ಲಿ ಪಾಸ್. 2019ರಲ್ಲಿ 31,200 ಮೈಲಿ.
2020 ಡಿಸೆಂಬರ್: ಪಾಸ್, 33,050.
2021 ಡಿಸೆಂಬರ್: ಪಾಸ್, 33,900. ಅಡ್ವೈಸರಿ: ಮುಂದಿನ ಎಡ ಸ್ಪ್ರಿಂಗ್ ತುಕ್ಕು, ಹಿಂದಿನ ಡಿಸ್ಕುಗಳು ತುಕ್ಕು.
2022 ಡಿಸೆಂಬರ್: ಫೇಲ್, 34,600. ಪಾರ್ಕಿಂಗ್ ಬ್ರೇಕ್ ಸಾಮರ್ಥ್ಯ ಸಾಲದು. ಮಾರನೇ ದಿನ ಪಾಸ್. ಸ್ಪ್ರಿಂಗ್ ಅಡ್ವೈಸರಿ ಹಾಗೇ ಇದೆ.
2023 ಡಿಸೆಂಬರ್: ಪಾಸ್, 35,300. ಸ್ಪ್ರಿಂಗ್ ಮತ್ತೆ, ಜೊತೆಗೆ ಆರ್ಮ್ ಬುಷ್ ಸವೆದಿದೆ.
2024 ಡಿಸೆಂಬರ್: ಪಾಸ್, 44,100. ಅಡ್ವೈಸರಿ ಒಂದೇ: ತಳದ ಕವರ್‌ನಿಂದಾಗಿ ಕೆಲವು ಭಾಗ ಕಾಣುತ್ತಿಲ್ಲ.
ಜೂನ್‌ನಲ್ಲಿ ಆಗ್ತಿದ್ದದ್ದು ಡಿಸೆಂಬರ್‌ಗೆ ಯಾಕೆ ಹೋಯಿತು? ಆರು ತಿಂಗಳು ಎಂಓಟಿ ಇಲ್ಲದೆ ಓಡಿಸಿದ್ದಾರಾ?

ಉತ್ತರ:
ಅಜ್ಜಿಗೆ ಅಪವಾದ ಹೊರಿಸಬೇಡಿ. 2020ರ ಮಾರ್ಚ್ 30ರಿಂದ ಜುಲೈ ಕೊನೆಯವರೆಗೆ ಎಂಓಟಿ ಮುಗಿಯುವ ಗಾಡಿಗಳಿಗೆಲ್ಲ ಕೋವಿಡ್ ಅಂತ ಸರ್ಕಾರವೇ ಆರು ತಿಂಗಳು ವಿಸ್ತರಣೆ ಕೊಟ್ಟಿತ್ತು. ಜೂನ್ ಗಾಡಿಗಳು ಡಿಸೆಂಬರ್‌ಗೆ ಜಾರಿದ್ದು ಹಾಗೆ. ಅದರ ಪರಿಣಾಮ ಇವತ್ತಿಗೂ ಇದೆ, ಕ್ರಿಸ್‌ಮಸ್ ಮುಂಚೆ ನಮಗೆ ಊಟ ಮಾಡಲು ಪುರುಸೊತ್ತಿರಲ್ಲ.

ಉಳಿದದ್ದನ್ನು ನಾನು ಓದೋದು ಹೀಗೆ. 2019ರವರೆಗೆ ಮಾರುವವರ ಮಾತು ಸರಿ, ಎಂಟು ವರ್ಷಕ್ಕೆ 31 ಸಾವಿರ ಮೈಲಿ, ಚಿನ್ನದಂಥ ಗಾಡಿ. ಆಮೇಲೆ ವರ್ಷಕ್ಕೆ ಎಂಟುನೂರು, ಏಳುನೂರು ಮೈಲಿ. ಅಂದರೆ ಗಾಡಿ ಬಹುಪಾಲು ನಿಂತೇ ಇತ್ತು, ಗ್ಯಾರೇಜಿನೊಳಗೂ ಅಲ್ಲ, ಹೊರಗೆ ಮಳೆಯಲ್ಲಿ. ಹಿಂದಿನ ಡಿಸ್ಕು ತುಕ್ಕು ಹಿಡಿದು ಮುಂದಿನ ವರ್ಷವೇ ಪಾರ್ಕಿಂಗ್ ಬ್ರೇಕ್ ಫೇಲಾಗಿದ್ದು ಅದಕ್ಕೆ. ರೋಲರ್ ಮೇಲೆ ನಿಲ್ಲಿಸಿ ಎಳೆದಾಗ ಪಾರ್ಕಿಂಗ್ ಬ್ರೇಕ್‌ಗೆ ಗಾಡಿ ತೂಕದ ಕನಿಷ್ಠ 16 ಪರ್ಸೆಂಟ್ ಹಿಡಿತ ಬರಬೇಕು. ಕಾಲು ಬ್ರೇಕ್‌ಗೆ 2010ರ ಸೆಪ್ಟೆಂಬರ್ ನಂತರದ ಕಾರಾದರೆ 58. ಎಡ ಬಲದ ನಡುವೆ 30 ಪರ್ಸೆಂಟ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೂ ಫೇಲು.

ನಿಜವಾದ ವಿಷಯ ಇರೋದು ಕೊನೇ ಸಾಲಿನಲ್ಲಿ. ಒಂದೇ ವರ್ಷದಲ್ಲಿ 8,800 ಮೈಲಿ. ಏಳುನೂರು ಓಡಿಸುತ್ತಿದ್ದ ಅಜ್ಜಿ ಇದ್ದಕ್ಕಿದ್ದ ಹಾಗೆ ಮೋಟರ್‌ವೇ ಹತ್ತಿದರೇ? ಗಾಡಿ ಕೈ ಬದಲಾಗಿದೆ. ವಿ5ಸಿ ಲಾಗ್‌ಬುಕ್ (ನಮ್ಮ ಆರ್‌ಸಿ ಥರ) ಕೇಳಿ, ಹಿಂದಿನ ಕೀಪರ್‌ಗಳ, ಅಂದರೆ ಗಾಡಿ ಯಾರ ಹೆಸರಲ್ಲಿತ್ತೋ ಅವರ ಸಂಖ್ಯೆ ಅದರಲ್ಲೇ ಅಚ್ಚಾಗಿರುತ್ತೆ. ಒಂದಕ್ಕಿಂತ ಜಾಸ್ತಿ ಇದ್ದರೆ "ಒಬ್ಬರೇ ಅಜ್ಜಿ" ಅಲ್ಲಿಗೆ ಮುಗೀತು. ಆಗ ಉಳಿದ ಮಾತುಗಳ ಬೆಲೆಯೂ ಅಷ್ಟೇ.

ಮೂರು ವರ್ಷ ಸತತ ಬಂದ ಸ್ಪ್ರಿಂಗ್ ಅಡ್ವೈಸರಿ ನಾಲ್ಕನೇ ವರ್ಷ ಮಾಯ. ತುಕ್ಕು ತಾನಾಗೇ ವಾಸಿಯಾಗಲ್ಲ. ಒಂದೋ ಸ್ಪ್ರಿಂಗ್ ಬದಲಾಗಿದೆ, ಬಿಲ್ ಇರಬೇಕು. ಇಲ್ಲವೋ ಟೆಸ್ಟ್ ಮಾಡಿದವನು ಕೈ ಸಡಿಲ ಬಿಟ್ಟಿದ್ದಾನೆ. ಅಡ್ವೈಸರಿ ಬರೆಯೋದು ಟೆಸ್ಟರನ ಕಣ್ಣಿಗೆ, ಸ್ವಭಾವಕ್ಕೆ ಬಿಟ್ಟದ್ದು. ಒಂದೇ ಗಾಡಿಗೆ ನಾನು ಐದು ಬರೆದರೆ ಪಕ್ಕದ ಲಿಫ್ಟಿನ ಹುಡುಗ ಎರಡು ಬರೀತಾನೆ. ತಳದ ಕವರ್ ಅಡ್ವೈಸರಿ ನೋಡಿ ಹೆದರಬೇಡಿ. ಟೆಸ್ಟಿನಲ್ಲಿ ನಾವು ಏನನ್ನೂ ಬಿಚ್ಚೋ ಹಾಗಿಲ್ಲ, ಕಾಣಲಿಲ್ಲ ಅಂತ ಬರೆದುಕೊಂಡಿದ್ದಾರೆ, ಅಷ್ಟೇ.

ಮಾಡಬೇಕಾದ್ದು: ಮಾರುವವರಿಗೆ "ಹೊಸ ಎಂಓಟಿ ಮಾಡಿಸಿ, ಪಾಸಾದರೆ ತಗೋತೀನಿ" ಅನ್ನಿ. ಅವಧಿ ಮುಗಿಯೋಕೆ ಒಂದು ತಿಂಗಳು ಒಳಗಿದ್ದಾಗ ಮಾಡಿಸಿದರೆ ಹಳೇ ತಾರೀಖು ಉಳಿಯುತ್ತೆ. ಈಗಲೇ ಮಾಡಿಸಿದರೆ ಇವತ್ತಿನಿಂದ ಒಂದು ವರ್ಷ, ಅದರಿಂದ ನಿಮಗೆ ನಷ್ಟವೇನಿಲ್ಲ. ಕಾರಿಗೆ ಗರಿಷ್ಠ ಶುಲ್ಕ 54.85 ಪೌಂಡ್, ಅವರು ಕೊಡಲ್ಲ ಅಂದರೆ ನೀವೇ ಕೊಡಿ. ಕೌನ್ಸಿಲ್ (ಇಲ್ಲಿನ ನಗರಸಭೆ) ನಡೆಸುವ ಟೆಸ್ಟ್ ಸೆಂಟರ್ ಹತ್ತಿರದಲ್ಲಿದ್ದರೆ ಅಲ್ಲೇ ಮಾಡಿಸಿ. ಅವರು ರಿಪೇರಿ ಮಾಡಲ್ಲ, ಆದ್ದರಿಂದ ಸುಮ್ಮನೆ ಫೇಲ್ ಮಾಡಿ ಲಾಭವಿಲ್ಲ, ಮಾರುವವನ ಮುಖ ನೋಡಿ ಪಾಸ್ ಮಾಡಿಯೂ ಲಾಭವಿಲ್ಲ. ಗ್ಯಾರೇಜಿನವನೇ ಆಗಿ ಇದನ್ನು ಹೇಳ್ತಿದ್ದೀನಿ, ನಮ್ಮ ಓನರ್‌ಗೆ ಕನ್ನಡ ಬರಲ್ಲ ಅನ್ನೋ ಧೈರ್ಯ.

ಕೋವೆಂಟ್ರಿಯ ಸದಸ್ಯರು:
ನನ್ನದೂ ಐ10, 2012. ಹೋದ ವಾರ ವೈಪರ್ ನೀರು ಖಾಲಿ ಅಂತ ಫೇಲ್ ಮಾಡಿದರು! ಬ್ರೇಕು, ಟೈರು, ಹೊಗೆ ಎಲ್ಲಾ ಸರಿ ಇದ್ದೂ. ಇದು ದುಡ್ಡು ಕೀಳೋ ಉಪಾಯ ಅಲ್ವಾ?

ಉತ್ತರ:
ಅಲ್ಲ. ವಾಷರ್ ನೀರು ಬರದಿದ್ದರೆ ಫೇಲೇ, ನಿಯಮ ಹಾಗಿದೆ. ಉಪ್ಪು ಕೆಸರು ಗಾಜಿಗೆ ಹಾರಿ ಎದುರಿಗೆ ಬಿಸಿಲು ಬಿದ್ದಾಗ ನೀರಿಲ್ಲದೆ ವೈಪರ್ ಆಡಿಸಿ ನೋಡಿ, ಯಾಕೆ ಅಂತ ಗೊತ್ತಾಗುತ್ತೆ. ಒಂದು ಚೊಂಬು ನೀರಿಗಾಗಿ ಕೆಲವು ಟೆಸ್ಟರ್‌ಗಳು ಫೇಲ್ ಮಾಡಲ್ಲ, ತಾವೇ ಹುಯ್ಕೋತಾರೆ. ನಿಮ್ಮವರು ಮಾಡಲಿಲ್ಲ, ಅದು ಸೌಜನ್ಯದ ಪ್ರಶ್ನೆ.

ಹೊರಡೋ ಮುಂಚೆ ಹತ್ತು ನಿಮಿಷ ಕೊಡಿ. ಇನ್ನೊಬ್ಬರನ್ನು ಹಿಂದೆ ನಿಲ್ಲಿಸಿ ಬ್ರೇಕ್ ಲೈಟು ಮೂರೂ ಉರಿಯುತ್ತಾ ನೋಡಿ, ನಂಬರ್ ಪ್ಲೇಟ್ ದೀಪ ಮರೀಬೇಡಿ, ಹಾರ್ನ್ ಒತ್ತಿ, ಬೆಲ್ಟ್ ಎಳೆದು ಬಿಡಿ. ಟೈರಿನ ನಡುವಿನ ಮುಕ್ಕಾಲು ಅಗಲದಲ್ಲಿ ಸುತ್ತಲೂ 1.6 ಮಿ.ಮೀ. ಆಳದ ಗೀರು ಇರಲೇಬೇಕು. ಒಳಅಂಚನ್ನು ಕೈಯಿಂದ ಸವರಿ, ಹೊರಗಿನಿಂದ ಕಾಣಲ್ಲ. ಗಾಜಿನಲ್ಲಿ ಸ್ಟಿಯರಿಂಗ್ ಎದುರಿನ 290 ಮಿ.ಮೀ. ಪಟ್ಟಿಯೊಳಗೆ 10 ಮಿ.ಮೀ. ಮೀರಿದ ಏಟು ಇದ್ದರೂ ಫೇಲು, ಅಷ್ಟು ದೊಡ್ಡ ಸ್ಟಿಕರ್ ಇದ್ದರೂ ಫೇಲು. ಆದ್ದರಿಂದ ಮಂಜುನಾಥನ ಸ್ಟಿಕರ್ ಎಡಗಡೆ ಮೇಲಿನ ಮೂಲೆಗೆ, ಗಣಪತಿ ಎಡಗಡೆ ಡ್ಯಾಶ್‌ಬೋರ್ಡಿಗೆ. ಬಂಪರ್ ಕೆಳಗಿನ ನಿಂಬೆಹಣ್ಣು ಮೆಣಸಿನಕಾಯಿ ಬಗ್ಗೆ ಮ್ಯಾನುವಲ್‌ನಲ್ಲಿ ಏನೂ ಇಲ್ಲ.

ಮಿಲ್ಟನ್ ಕೀನ್ಸ್‌ನಿಂದ:
ಎಂಜಿನ್ ಲೈಟ್ ಬಂದಿದೆ, ನಾಡಿದ್ದು ಎಂಓಟಿ. ಸ್ನೇಹಿತನ ಸ್ಕ್ಯಾನರ್‌ನಿಂದ ಅಳಿಸಿ ತಗೊಂಡು ಹೋದರೆ ಸಾಕಾ?

ಉತ್ತರ:
ಪೆಟ್ರೋಲ್ ಗಾಡಿ ಅಂದುಕೊಂಡು ಹೇಳ್ತೀನಿ. ಲೈಟ್ ಉರಿದಿದ್ದರೆ ಫೇಲು. ಅಳಿಸಿದರೆ ನಾವು ಸ್ಕ್ಯಾನರ್ ಚುಚ್ಚಿ ಹಳೇ ಕೋಡ್ ಹುಡುಕಲ್ಲ, ಅಷ್ಟರ ಮಟ್ಟಿಗೆ ನಿಮ್ಮ ಉಪಾಯ ನಡೆಯುತ್ತೆ. ಆದರೆ ಹೊಗೆ ಕೊಳವೆಗೆ ಅನಲೈಸರ್ ಹಾಕ್ತೀವಿ. ಆಕ್ಸಿಜನ್ ಸೆನ್ಸರ್ರೋ ಹೊಗೆ ಶುದ್ಧ ಮಾಡೋ ಕ್ಯಾಟಲಿಸ್ಟೋ ಕೆಟ್ಟಿದ್ದರೆ ಅಲ್ಲಿ ಸಿಕ್ಕಿಬೀಳುತ್ತೆ. 2500 ಆರ್‌ಪಿಎಂ ಆಸುಪಾಸಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಸಾಮಾನ್ಯವಾಗಿ 0.2 ಪರ್ಸೆಂಟ್ ದಾಟೋ ಹಾಗಿಲ್ಲ, ಗಾಳಿ-ಪೆಟ್ರೋಲ್ ಹದ ತೋರಿಸೋ ಲ್ಯಾಂಬ್ಡಾ 0.97ರಿಂದ 1.03ರ ಒಳಗಿರಬೇಕು. ಬಲ್ಬ್ ಕೀಳೋ ಯೋಚನೆಯನ್ನೂ ಬಿಡಿ, ಕೀ ತಿರುಗಿಸಿದಾಗ ಆ ದೀಪ ಒಮ್ಮೆ ಹತ್ತಿ ಆರಬೇಕು, ಹತ್ತದಿದ್ದರೂ ಫೇಲು. ಆ ಸ್ಕ್ಯಾನರ್‌ನಿಂದ ಅಳಿಸೋ ಮುಂಚೆ ಕೋಡ್ ಏನು ಅಂತ ಓದಿ ಇಲ್ಲಿ ಹಾಕಿ. ಮತ್ತೆ ಟೆಸ್ಟಿಗೆ ಹೋಗುವಾಗ ಇಪ್ಪತ್ತು ನಿಮಿಷ ಚೆನ್ನಾಗಿ ಓಡಿಸಿ ಎಂಜಿನ್ ಬಿಸಿ ಮಾಡಿಕೊಂಡೇ ಹೋಗಿ.

ಬೆಂಗಳೂರಿನಿಂದ (ಲೆಸ್ಟರ್‌ನವರ ಮಾವ):
ಸೊಸೆ ಈ ಗುಂಪಿಗೆ ಸೇರಿಸಿದ್ದಾಳೆ. ಅವಳು ಹೇಳಿದ ಐ10 "ಇತ್ತು" ಅಲ್ಲ, ಈಗಲೂ ಇದೆ. 2010ರದ್ದು, 15 ವರ್ಷ ಆಯ್ತು, ಆರ್‌ಟಿಓದಲ್ಲಿ ತೋರಿಸಿ ನೋಂದಣಿ ನವೀಕರಣ ಮಾಡಿಸಬೇಕು. ಪಾಸಾಗುತ್ತಾ? ಇಷ್ಟು ವರ್ಷ ಒಂದೂ ಟೆಸ್ಟ್ ಆಗಿಲ್ಲ.

ಉತ್ತರ:
ನಮಸ್ಕಾರ ಸರ್. ನಿಮ್ಮ ಪ್ರಶ್ನೆಯ ಕೊನೇ ವಾಕ್ಯದಲ್ಲೇ ಎರಡು ದೇಶದ ವ್ಯತ್ಯಾಸ ಇದೆ. ಇಲ್ಲಿ ಮೂರು ವರ್ಷಕ್ಕೆ ಶುರುವಾಗಿ ಪ್ರತಿ ವರ್ಷ. 1960ರಲ್ಲಿ ಸಾರಿಗೆ ಸಚಿವ ಅರ್ನೆಸ್ಟ್ ಮಾರ್ಪಲ್ಸ್ ಇದನ್ನು ತಂದಾಗ ಹತ್ತು ವರ್ಷ ಮೀರಿದ ಗಾಡಿಗೆ ಮಾತ್ರ ಇತ್ತು, ನೋಡ್ತಿದ್ದದ್ದು ಬ್ರೇಕು, ದೀಪ, ಸ್ಟಿಯರಿಂಗ್ ಅಷ್ಟೇ. ಫೇಲಾದವು ಎಷ್ಟಿದ್ದವೆಂದರೆ ಮರುವರ್ಷವೇ ಏಳಕ್ಕೆ ಇಳಿಸಿದರು, 1967ರಲ್ಲಿ ಮೂರಕ್ಕೆ. ನಮ್ಮಲ್ಲಿ ಸ್ವಂತ ಕಾರಿಗೆ 15 ವರ್ಷ ಕೇಳೋರಿಲ್ಲ, ಆಮೇಲೆ ಐದೈದು ವರ್ಷಕ್ಕೆ. ಯೆಲ್ಲೋ ಬೋರ್ಡ್ ಗಾಡಿಗಳು ಮಾತ್ರ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷ ಎಫ್‌ಸಿಗೆ ಹೋಗ್ತವೆ.

ನಿಮ್ಮ ಗಾಡಿ ಸೊಸೆ ನೋಡಿರೋದಕ್ಕಿಂತ ಒಂದು ವರ್ಷ ದೊಡ್ಡದು, ಆದರೂ ತಳ ನೋಡಿದರೆ ಹತ್ತು ವರ್ಷ ಚಿಕ್ಕದಾಗಿ ಕಂಡೀತು. ಬೆಂಗಳೂರಿನಲ್ಲಿ ಉಪ್ಪಿಲ್ಲ. ಮಂಗಳೂರು, ಕಾರವಾರದ ಕಡೆಯದಾಗಿದ್ದರೆ ಈ ಮಾತು ಹೇಳ್ತಿರಲಿಲ್ಲ. ನಿಮ್ಮಲ್ಲಿ ಗಾಡಿ ತಿನ್ನೋದು ಹಂಪು, ಗುಂಡಿ. ಬುಷ್ಷು, ಲಿಂಕು, ಶಾಕ್ ಅಬ್ಸಾರ್ಬರ್ ನೋಡಿಸಿ, ತಳಕ್ಕೆ ಹಂಪ್ ಬಡಿದ ಜಾಗ ನೋಡಿಸಿ. ಹಿಂದಿನ ಡ್ರಮ್ ಬಿಚ್ಚಿ ಶೂ ಸ್ವಚ್ಛ ಮಾಡಿಸಿ. 1.1 ಎಂಜಿನ್ ಆಗಿದ್ದರೆ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು ಅಂತ ನೆನಪು ಮಾಡಿಕೊಳ್ಳಿ. 1.2 ಕಪ್ಪಾ ಎಂಜಿನ್ ಆದರೆ ಬೆಲ್ಟಿನ ಬದಲು ಚೈನು, ಚಿಂತೆಯಿಲ್ಲ. ಬೆಲ್ಟು ನಿಮ್ಮ ಆರ್‌ಟಿಓದಲ್ಲೂ ನೋಡಲ್ಲ, ನಮ್ಮ ಎಂಓಟಿಯಲ್ಲೂ ನೋಡಲ್ಲ. ಎಂಜಿನ್ನಿನ ಸ್ಥಿತಿ, ಕ್ಲಚ್ಚು, ಗೇರ್‌ಬಾಕ್ಸು ಯಾವುದೂ ನಮ್ಮ ಟೆಸ್ಟಿನೊಳಗೆ ಬರಲ್ಲ. ಬೆಳಗ್ಗೆ ಎಂಓಟಿ ಪಾಸಾಗಿ ಸಂಜೆ ಕ್ಲಚ್ ಸುಟ್ಟುಹೋದ ಗಾಡಿ ಟೋ ಆಗಿ ವಾಪಸ್ ಬಂದದ್ದು ನೋಡಿದ್ದೀನಿ, ಓನರ್ ಸರ್ಟಿಫಿಕೇಟ್ ಹಿಡಕೊಂಡು ಜಗಳಕ್ಕೆ ಬಂದಿದ್ದ.

ಲೆಸ್ಟರ್‌ನವರು, ನಾಲ್ಕು ದಿನದ ನಂತರ:
ಹೋಗಿ ನೋಡಿ ಬಂದೆವು. ವಿ5ಸಿಯಲ್ಲಿ ಹಿಂದಿನ ಕೀಪರ್‌ಗಳು ಎರಡು. ಕೇಳಿದರೆ "ಅಜ್ಜಿ ಆದಮೇಲೆ ಮೊಮ್ಮಗ ಓಡಿಸಿದ" ಅಂದರು. ಟಾರ್ಚ್ ಹಾಕಿ ನೋಡಿದೆ: ಮುಂದಿನ ಎಡ ಸ್ಪ್ರಿಂಗ್ ಕಪ್ಪಗೆ ಹೊಳೀತಿದೆ, ಬಲದ್ದು ಕೆಂಪಗೆ ತುಕ್ಕು. ಬಿಲ್ ಇಲ್ಲವಂತೆ. ಎಂಓಟಿ ಮಾಡಿಸಲು ಒಪ್ಪಿದ್ದಾರೆ, ಆದರೆ ತಮಗೆ ಗೊತ್ತಿರೋ ಗ್ಯಾರೇಜಲ್ಲೇ ಅಂತ ಹಟ.

ಉತ್ತರ:
ಟಾರ್ಚ್ ಹಾಕಿದ್ದು ಒಳ್ಳೇದಾಯ್ತು. ಎಡಗಡೆಯದು ಮುರಿದಿತ್ತು, ಅದೊಂದನ್ನೇ ಹೊಸದು ಹಾಕಿಸಿದ್ದಾರೆ. ಸ್ಪ್ರಿಂಗ್ ಯಾವಾಗಲೂ ಜೋಡಿ ಬದಲಾಯಿಸಬೇಕು. ಒಂದು ಹೊಸದು, ಒಂದು 14 ವರ್ಷದ್ದು ಅಂದರೆ ಗಾಡಿ ಒಂದು ಪಕ್ಕ ಸೊಟ್ಟ ಕೂರುತ್ತೆ. ಬಲದ್ದು ಈ ಚಳಿಗಾಲವೋ ಮುಂದಿನದೋ ಹೋಗುತ್ತೆ. ಅಷ್ಟಕ್ಕೇ ಗಾಡಿ ಬಿಡಬೇಕಿಲ್ಲ, ಎರಡೂ ಹೊಸ ಸ್ಪ್ರಿಂಗ್ ಮತ್ತು ಕೂಲಿಯನ್ನು ಬೆಲೆಯಲ್ಲಿ ಕಳೀರಿ.

ಅವರ ಗ್ಯಾರೇಜಿನ ಟೆಸ್ಟಿಗೆ ಒಪ್ಪಬೇಡಿ. 2024ರಲ್ಲಿ ಬಲಗಡೆಯ ತುಕ್ಕನ್ನೂ, ಸವೆದ ಬುಷ್ಷನ್ನೂ ಬರೆಯದೆ ಬಿಟ್ಟ ಕಡೆಗೇ ಮತ್ತೆ ಹೋಗ್ತಾರೇನೋ ಅನ್ನೋ ಅನುಮಾನ ನನಗಿದೆ. ಬೇಕಿದ್ದರೆ ನೋಡಬಹುದು, ವಿ5ಸಿ ಮೇಲಿನ 11 ಅಂಕಿಯ ಡಾಕ್ಯುಮೆಂಟ್ ನಂಬರ್ ಹಾಕಿದರೆ ಪ್ರತಿ ಟೆಸ್ಟ್ ಎಲ್ಲಿ ಆಯಿತು ಅಂತ ಆ ವೆಬ್‌ಸೈಟೇ ತೋರಿಸುತ್ತೆ. ಕೌನ್ಸಿಲ್ ಸೆಂಟರ್ ಅಂದಾಗ ಅವರು ತಡವರಿಸಿದರೆ ಎದ್ದು ಬನ್ನಿ. ಇದೇ ವಯಸ್ಸಿನ ಐ10 ಈ ದೇಶದಲ್ಲಿ ಬೇಕಾದಷ್ಟಿವೆ. ಒಪ್ಪಿದರೆ ಟೆಸ್ಟ್ ನಡೆಯುವಾಗ ನೀವೂ ಹೋಗಿ, ನೋಡೋ ಜಾಗ ಇರುತ್ತೆ. ಫೇಲ್ ಹಾಳೆ ಬಂದರೆ ಬೇಜಾರಾಗಬೇಡಿ, ಫೋಟೋ ತೆಗೆದು ಇಲ್ಲಿ ಹಾಕಿ, ಯಾವುದಕ್ಕೆ ಎಷ್ಟು ಕಳೀಬೇಕು ಅಂತ ಹೇಳ್ತೀನಿ.